ಆರನೆಯ ದಿನ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ‘ಹನ್ನೊಂದು ಗಂಟೆ ಮೇಡಂ’ ಎನ್ನುತ್ತಿದ್ದರು, ಅದೂ ಬೆನ್ನ ಹಿಂದೆ. ಎದುರಿಗೇ ಅನ್ನುವ ಧೈರ್ಯ ಇದ್ದದ್ದು ಗೇಟಿನ ಕಾವಲುಗಾರನಿಗೆ ಮಾತ್ರ. ಅವಳಿಗೆ ಆ ಹೆಸರಿನ ಬಗ್ಗೆ ಸಿಟ್ಟಿರಲಿಲ್ಲ. ಒಳಗೊಳಗೇ ಹೆಮ್ಮೆಯಿತ್ತು ಎಂದರೂ ತಪ್ಪಿಲ್ಲ.

ಮಕ್ಕಳಿಲ್ಲದವರು ಬರುವ ಆಸ್ಪತ್ರೆ ಅದು. ಅವಳ ಲ್ಯಾಬು ಎರಡನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ. ಬೆಳಕು ಮಂದ, ಸೆಂಟು ಹಾಕಿಕೊಂಡವರಿಗೆ ಪ್ರವೇಶವಿಲ್ಲ, ಜೋರಾಗಿ ಬಾಗಿಲು ಹಾಕಿದರೆ ಅವಳು ಕಣ್ಣಲ್ಲೇ ಸುಟ್ಟುಬಿಡುವಳು. ಹೆಂಗಸಿನ ಮೊಟ್ಟೆಗೆ ಗಂಡಸಿನ ವೀರ್ಯ ಸೇರಿಸಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಅದು ಎರಡಾಗಿ, ನಾಲ್ಕಾಗಿ, ಮೂರನೆಯ ದಿನ ಎಂಟು ಜೀವಕೋಶಗಳಾಗಿ ಬೆಳೆಯುವುದನ್ನು ನೋಡಿಕೊಳ್ಳುವುದು ಅವಳ ಕೆಲಸ. ಐದನೆಯ ದಿನ ಭ್ರೂಣದೊಳಗೆ ನೀರು ತುಂಬಿಕೊಂಡು ಅದು ಪುಟ್ಟ ಗುಳ್ಳೆಯಂತಾಗುತ್ತದೆ. ಲ್ಯಾಬಿನವರು ‘ಉಬ್ಬಿತು’ ಎನ್ನುತ್ತಾರೆ. ಉಬ್ಬಿದ್ದನ್ನು ತಾಯಿಯ ಗರ್ಭಕ್ಕೆ ಬಿಡುವುದು, ಉಬ್ಬದಿದ್ದರೆ ‘ನಿಂತಿದೆ’ ಎಂದು ರಿಜಿಸ್ಟರಿನಲ್ಲಿ ಬರೆದು ಚೆಲ್ಲುವುದು. ಕೊನೆಯ ನೋಟ ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದೆಂದರೆ ಹನ್ನೊಂದು.

ಈ ಗಂಟೆಯನ್ನು ಗೊತ್ತುಮಾಡಿದ್ದು ಹಳೆಯ ದೊಡ್ಡ ಡಾಕ್ಟರು. ಅವರು ಮೊಟ್ಟೆ ತೆಗೆಯುತ್ತಿದ್ದದ್ದು ಸೋಮವಾರ ಮಾತ್ರ. ಹಾಗಾಗಿ ಐದನೆಯ ದಿನ ಶನಿವಾರ ಬೀಳುತ್ತಿತ್ತು. ಶನಿವಾರ ಹನ್ನೆರಡಕ್ಕೆ ಅವರು ಭ್ರೂಣ ಬಿಡಲು ಕೂರುವರು, ಎರಡಕ್ಕೆ ಮನೆಗೆ ಹೊರಡುವರು. ಭಾನುವಾರ ರಜೆ. ಇಷ್ಟೇ ಅದರ ಹಿಂದಿದ್ದ ಮರ್ಮ. ಆದರೆ ವರ್ಷಗಳು ಉರುಳಿದ ಹಾಗೆ, ಅದು ಡಾಕ್ಟರ ಊಟದ ಹೊತ್ತಿಗೆ ಹೊಂದಿಸಿದ ಗಂಟೆ ಎಂಬುದು ಎಲ್ಲರಿಗೂ ಮರೆತುಹೋಗಿ, ಭ್ರೂಣವೇ ಹಾಗೆ ಬರೆದುಕೊಟ್ಟಿದೆಯೇನೋ ಎಂಬಂತಾಯಿತು. ಅವಳಂತೂ ಅದನ್ನು ತಲೆಯ ಮೇಲೆ ಹೊತ್ತು ನಡೆದಳು. ಪಾಪ, ಕೆಟ್ಟ ಬುದ್ಧಿಯಿಂದಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವವರು ತಪ್ಪು ಮಾಡುವುದಿಲ್ಲ ಎಂದು ನಂಬಿದ್ದಳು, ಅಷ್ಟೆ.

ಅವಳಿಗೆ ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದಳು. ಕೆಳಗಡೆ ಅಣ್ಣ ಅತ್ತಿಗೆಯರ ಪುಸ್ತಕ ಬೈಂಡಿಂಗ್ ಅಂಗಡಿ. ರಟ್ಟು ಕತ್ತರಿಸುವುದು, ಗಿರಾಕಿಗಳೊಂದಿಗೆ ಹರಟುವುದು ಅಣ್ಣನ ಪಾಲು. ಹೊಲಿಗೆ, ಅಂಟು ಅತ್ತಿಗೆಯ ಪಾಲು. ಆಸ್ಪತ್ರೆಯಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಆಸ್ಪತ್ರೆಯ ಹಳೆಯ ರಿಜಿಸ್ಟರುಗಳೂ ಕೆಂಪು ಬಟ್ಟೆಯ ರಟ್ಟು ಹಾಕಿಸಿಕೊಳ್ಳಲು ಇಲ್ಲಿಗೇ ಬರುತ್ತಿದ್ದವು. ಅತ್ತಿಗೆ ಅವಳಿಗಿಂತ ಎರಡೇ ವರ್ಷ ದೊಡ್ಡವಳು. ಆದರೂ ‘ಪುಟ್ಟಿ’ ಎಂದು ಕರೆಯುವಳು. ನಲವತ್ತೆಂಟಾದರೂ ಅವಳು ಆ ಮನೆಗೆ ಪುಟ್ಟಿಯೇ.

ಒಂಬತ್ತು ವರ್ಷದ ಹಿಂದೆ ಅತ್ತಿಗೆಯೂ ಅದೇ ಆಸ್ಪತ್ರೆಗೆ ಬಂದಿದ್ದಳು. ಆಗ ಅವಳಿಗೆ ನಲವತ್ತೊಂದು. ಸಿಕ್ಕಿದ್ದು ಮೂರು ಭ್ರೂಣ. ಮೂರನೆಯ ದಿನಕ್ಕೇ ಎರಡು ಕೈಕೊಟ್ಟವು. ಉಳಿದ ಒಂದು ಮೆಲ್ಲಗೆ ಕುಂಟಿಕೊಂಡು ಬರುತ್ತಿತ್ತು. ಶನಿವಾರ ಹನ್ನೊಂದಕ್ಕೆ ನೋಡಿದರೆ ಇನ್ನೂ ಬಿಗಿಯಾದ ಉಂಡೆ. ಉಬ್ಬಿರಲಿಲ್ಲ. ಅವಳೇ ಕೆಳಗಿಳಿದು ಬೆಂಚಿನ ಮೇಲೆ ಕುಳಿತಿದ್ದ ಅತ್ತಿಗೆಗೆ ಸುದ್ದಿ ಹೇಳಿದಳು.

“ಇನ್ನೊಂದು ದಿನ ಬಿಟ್ಟು ನೋಡೋಕಾಗಲ್ವಾ ಪುಟ್ಟಿ?”

“ನಾಳೆ ರಜ ಅತ್ತಿಗೆ. ಮತ್ತೆ, ನಿಂತಿದ್ದು ನಡೆಯಲ್ಲ.”

ಅತ್ತಿಗೆ ಬೆಂಚಿನಿಂದೆದ್ದು ಮನೆಗೆ ನಡೆದಳು. ಆಮೇಲೆ ಮೊಟ್ಟೆಗಳೂ ಮುಗಿದಿದ್ದವು, ಡಾಕ್ಟರು ಕೈಚೆಲ್ಲಿದರು. ಅತ್ತು ಹಗುರಾದ ಮೇಲೆ ಅತ್ತಿಗೆ ನೆರೆಯವರ ಮುಂದೆ ಹೇಳುತ್ತಿದ್ದಳು: “ಬೇರೆ ಯಾರಾದ್ರೂ ಆಗಿದ್ರೆ ನಂಗೆ ಅನುಮಾನ ಕಾಡ್ತಿತ್ತು. ನಮ್ಮ ಪುಟ್ಟಿನೇ ನೋಡಿದ್ಲಲ್ಲ, ಅದೊಂದು ಸಮಾಧಾನ.” ಆ ಸಮಾಧಾನದ ಮೇಲೆ ಆ ಮನೆ ಒಂಬತ್ತು ವರ್ಷ ನಡೆಯಿತು.

ಈ ವರ್ಷ ದೊಡ್ಡ ಡಾಕ್ಟರು ನಿವೃತ್ತರಾಗಿ ಹೊಸ ಡಾಕ್ಟರಮ್ಮ ಬಂದರು. ಅವರ ಜೊತೆ ಹೊಸ ಪೆಟ್ಟಿಗೆಯೂ ಬಂತು. ಒಳಗೇ ಕ್ಯಾಮೆರಾ, ಹತ್ತು ನಿಮಿಷಕ್ಕೊಂದು ಫೋಟೋ. ಡಾಕ್ಟರಮ್ಮನ ಮೊದಲ ಆಜ್ಞೆ, ಐದನೆಯ ದಿನ ಉಬ್ಬದೆ ಉಳಿದದ್ದನ್ನು ಚೆಲ್ಲಬಾರದು, ಆರನೆಯ ದಿನವೂ ನೋಡಬೇಕು.

“ಭಾನುವಾರ ಮೇಡಂ” ಎಂದಳು ಅವಳು.

“ಭ್ರೂಣಕ್ಕೆ ಭಾನುವಾರ ಅಂತ ಗೊತ್ತಿದ್ಯಾ?” ಎಂದು ಡಾಕ್ಟರಮ್ಮ ನಕ್ಕರು.

ಮೊದಲ ಭಾನುವಾರ ಮೂರು ಉಳಿದಿದ್ದವು. ಎರಡು ಉಬ್ಬಿದ್ದವು. ಅವಳು ಫೋಟೋಗಳನ್ನು ಸಿನಿಮಾದಂತೆ ಓಡಿಸಿ ನೋಡಿದಳು. ಶನಿವಾರ ಹನ್ನೊಂದಕ್ಕೆ ಉಂಡೆ, ತನಗೆ ಚೆನ್ನಾಗಿ ಗೊತ್ತಿದ್ದ ಅದೇ ಉಂಡೆ. ಸಂಜೆ ಐದಕ್ಕೆ ಒಂದು ಮೂಲೆಯಲ್ಲಿ ಸಣ್ಣ ಪೊಳ್ಳು. ಭಾನುವಾರ ಬೆಳಿಗ್ಗೆ ತುಂಬಿದ ಗುಳ್ಳೆ. ಮತ್ತೆ ಮೊದಲಿನಿಂದ ಓಡಿಸಿ ನೋಡಿದಳು. ಡಾಕ್ಟರಮ್ಮ ವಿವರಿಸಿದರು: ನಿಧಾನದವಕ್ಕೆ ಭರವಸೆ ಸ್ವಲ್ಪ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಗರ್ಭಕ್ಕೂ ತನ್ನದೇ ಹೊತ್ತಿದೆ. ಆರನೆಯ ದಿನಕ್ಕೆ ಅದು ಮುಂದೆ ಹೋಗಿಬಿಟ್ಟಿರುತ್ತದೆ, ಅದಕ್ಕೇ ಆಗಲೇ ಬಿಡದೆ ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು, ಮುಂದೆ ಎರಡರ ಹೊತ್ತೂ ಕೂಡುವ ಹಾಗೆ ನೋಡಿಕೊಂಡು ಬಿಡಬೇಕು. ಎರಡು ತಿಂಗಳ ನಂತರ ಆ ಎರಡು ಭ್ರೂಣಗಳ ತಾಯಂದಿರಲ್ಲಿ ಒಬ್ಬಳು ಬಸುರಿಯಾದಳು. ಲ್ಯಾಬಿನವರೆಲ್ಲ ಕುಣಿದಾಡಿದರು. ಹನ್ನೊಂದು ಗಂಟೆ ಮೇಡಂ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನ ದಾಖಲೆ ಕೋಣೆಗೆ ಹೋಗಿ ಒಂಬತ್ತು ವರ್ಷದ ಹಿಂದಿನ ರಿಜಿಸ್ಟರು ಇಳಿಸಿದಳು. ಅತ್ತಿಗೆಯ ನಂಬರಿನ ಮುಂದೆ ತನ್ನದೇ ಅಚ್ಚುಕಟ್ಟು ಅಕ್ಷರ: ‘11.00. ಉಬ್ಬಿಲ್ಲ. ನಿಂತಿದೆ.’ ಅದರ ಮೇಲೆ ಕೆಳಗೆ, ಹಾಳೆಯ ತುಂಬ, ಎಷ್ಟೋ ಹೆಂಗಸರ ನಂಬರುಗಳ ಮುಂದೆ ಅದೇ ಮಾತು. ಹಾಳೆಗಳ ನಡುವೆ ಬಿಗಿಯಾದ ಬಿಳಿ ದಾರದ ಹೊಲಿಗೆ. ಅದು ಅತ್ತಿಗೆಯ ಕೈಯದು. ತನ್ನ ನಂಬರಿನ ಸಾಲನ್ನು ಓದದೆಯೇ ಅತ್ತಿಗೆ ಅದನ್ನು ಹೊಲಿದುಕೊಟ್ಟಿದ್ದಳು.

ಹೇಳುವುದೋ ಬಿಡುವುದೋ? ಹೇಳಿದರೆ ಅತ್ತಿಗೆಯ ಇದ್ದೊಂದು ಸಮಾಧಾನವನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ ದಿನಾ ಅವಳ ಕೈಯಡುಗೆ ಉಣ್ಣುವುದು ಹೇಗೆ? ಮೂರು ವಾರ ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದಳು. “ಏನೇ, ಸೊರಗ್ತಾ ಇದ್ದೀಯ, ಹೊಸ ಡಾಕ್ಟರಮ್ಮ ಕಾಟ ಕೊಡ್ತಾರಾ?” ಎಂದು ಅತ್ತಿಗೆ ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ.

ಅದು ಶನಿವಾರ ಮಧ್ಯಾಹ್ನ. ಅಣ್ಣ ರಟ್ಟು ತರಲು ಹೋಗಿದ್ದ. ಅವಳು ಅತ್ತಿಗೆಯ ಎದುರು ಸ್ಟೂಲಿನ ಮೇಲೆ ಕುಳಿತು, ಕ್ಯಾಮೆರಾದಿಂದ ಶುರುಮಾಡಿ ರಿಜಿಸ್ಟರಿನವರೆಗೆ ಒಂದೂ ಬಿಡದೆ ಹೇಳಿದಳು. ಅತ್ತಿಗೆಯ ಕೈಯಲ್ಲಿದ್ದ ಅಂಟಿನ ಬ್ರಷ್ಷು ಹಾಗೇ ಒಣಗುತ್ತಿತ್ತು.

“ಬಿಟ್ಟಿದ್ರೆ ನಂದೂ ಉಬ್ತಿತ್ತಾ?”

“ಗೊತ್ತಿಲ್ಲ ಅತ್ತಿಗೆ. ಉಬ್ಬದೇನೂ ಇರಬಹುದಿತ್ತು. ಯಾವತ್ತೂ ಗೊತ್ತಾಗದ ಹಾಗೆ ಮಾಡಿಬಿಟ್ಟೆ ನಾನು.”

“ಅದರ ಮರುದಿನ ನೀನು ಏನ್ಮಾಡ್ತಿದ್ದೆ?”

“ಇಲ್ಲೇ ಇದ್ದೆ. ನಿಮ್ಮ ಜೊತೆ.”

“ಹ್ಞೂಂ. ನನ್ನ ತಲೆ ಬಾಚಿದೆ. ಇಡೀ ದಿನ ಪಕ್ಕದಲ್ಲೇ ಕೂತಿದ್ದೆ.” ಅತ್ತಿಗೆ ಬಾಗಿಲಾಚೆಯ ಬೀದಿಯತ್ತ ನೋಡಿದಳು. “ಹತ್ತು ನಿಮಿಷದ ದಾರಿ.”

ಬೈದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಬೈಯಲಿಲ್ಲ. ಒಣಗಿದ ಬ್ರಷ್ಷನ್ನು ನೀರಿಗೆ ಹಾಕಿ ಒಳಗೆ ಹೋದಳು. ಆ ಸಂಜೆ ಊಟಕ್ಕೆ ಕರೆದದ್ದು ಅಣ್ಣ.

ಮರುದಿನ ಭಾನುವಾರ. ಆಸ್ಪತ್ರೆಗೆ ಹೊರಡದೆ ಅವಳು ಮಂಚದ ಮೇಲೆ ಕುಳಿತೇ ಇದ್ದಳು. ಎಂಟೂವರೆಗೆ ಅತ್ತಿಗೆ ಮೆಟ್ಟಿಲು ಹತ್ತಿಬಂದು ಬಾಗಿಲಲ್ಲಿ ನಿಂತಳು. ಪುಟ್ಟಿ ಎನ್ನಲಿಲ್ಲ.

“ಇವತ್ತು ನೋಡಬೇಕಾದ್ದು ಯಾರದಾದ್ರೂ ಇದ್ಯಾ?”

“ಒಬ್ಬರದಿದೆ. ಒಂದೇ ಒಂದು.”

“ಮತ್ತೆ ಇಲ್ಲೇನು ಕೂತಿದ್ದೀಯ? ಎದ್ದು ಹೋಗು.”

ಹೋದಳು. ಹನ್ನೊಂದಕ್ಕೆ ನೋಡಿದಳು, ಉಬ್ಬಿರಲಿಲ್ಲ. ಗೋಡೆಯ ಗಡಿಯಾರಕ್ಕೆ ಬೆನ್ನು ಹಾಕಿ ಕುಳಿತಳು. ಒಂದಕ್ಕೆ, ಮೂರಕ್ಕೆ, ಐದಕ್ಕೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಉಂಡೆ ಬರಬರುತ್ತ ಕಪ್ಪಾಗಿ ಪುಡಿಪುಡಿಯಾಗತೊಡಗಿತು. ಡಾಕ್ಟರಮ್ಮನಿಗೆ ಫೋನು ಮಾಡಿ, ಸಂಜೆ ಆರಕ್ಕೆ ರಿಜಿಸ್ಟರಿನಲ್ಲಿ ಬರೆದು ಎದ್ದಳು.

ಮನೆಗೆ ಬಂದಾಗ ಅತ್ತಿಗೆ ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದಳು.

“ಏನಾಯ್ತು?”

“ಉಬ್ಬಲಿಲ್ಲ ಅತ್ತಿಗೆ.”

“ಸಂಜೆ ತನಕ ನೋಡಿದ್ಯಾ?”

“ನೋಡಿದೆ.”

ಅತ್ತಿಗೆ ಅಂಗಡಿಯ ದೀಪ ಆರಿಸಿದಳು. ಆಮೇಲೆ, “ಪುಣ್ಯವಂತೆ ಕಣೇ ಅವಳು” ಎಂದಳು, “ಅವಳಿಗೆ ಗೊತ್ತಾದ್ರೂ ಆಯ್ತು.” ಅಷ್ಟು ಹೇಳಿ ಅಂಗಡಿಯ ಬಾಗಿಲು ಎಳೆದುಕೊಂಡಳು.