ಬೋರ್ಡೋ ಬಾಟಲಿಯ ಎರಡು ತೂತು

ಭಾವನ ಗಂಟಲಿನ ಹುಣ್ಣು ಕೆಟ್ಟದ್ದೆಂದು ಗೊತ್ತಾದದ್ದು ಎಪ್ಪತ್ತೆರಡರಲ್ಲೋ ಎಪ್ಪತ್ಮೂರರಲ್ಲೋ, ಈಗ ಖಚಿತವಿಲ್ಲ. ಇನ್ನು ಮೂರು ವಾರ ನುಂಗಬಹುದು, ಆಮೇಲೆ ಮೂಗಿನ ನಳಿಗೆಯೇ ಗತಿ ಎಂದು ಡಾಕ್ಟರು ನನ್ನೊಬ್ಬನಿಗೆ ಹೇಳಿದ್ದರು. ಭಾವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಭಾವ ಮುಂಬಯಿಯ ಬೈಕುಲ್ಲಾದ ಚಾಳಿನಲ್ಲಿದ್ದರು. ಮದುವೆಗೆ ಮುಂಚೆ ಸರಕು ಹಡಗೊಂದರ ಅಡುಗೆಮನೆಯಲ್ಲಿ ದುಡಿದವರು. ಒಂದು ಭಾನುವಾರ ಅಕ್ಕ ನಳದ ಸರದಿಗೆ ಹೋದಾಗ ನನ್ನ ಕೈ ಹಿಡಿದರು.

“ಫ್ರಾನ್ಸಿನ ಬೋರ್ಡೋದಾಗ ಹಡಗ ನಿಂತಾಗ ಬಂದರದ ಕೂಲಿ ಮಂದಿ ಜೋಡಿ ಕೆಂಪು ವೈನ್ ಕುಡೀತಿದ್ದೆ ತಮ್ಮಾ. ಒಂದ ಗ್ಲಾಸ್ ಸಿಕ್ಕರ ಸಾಕು. ತುಟ್ಟೀದು ತರಬ್ಯಾಡ ಮತ್ತ. ಅವರು ಕುಡಿಯೋವಂಥ ಸಾದಾದ್ದು.”

ಬಾಗಿಲಲ್ಲಿ ಕೊಡ ಇಳಿಸುತ್ತಿದ್ದ ಅಕ್ಕನಿಗೆ ಅದು ಕೇಳಿಸಿತು. “ಮನ್ಯಾಗ ದೇವ್ರದಾನ. ಬಾಟ್ಲಿ ಹೊಸ್ತಿಲಾ ದಾಟೂದಿಲ್ಲ.”

“ದೇವ್ರಿಗೂ ಒಂದ ಗುಟುಕ ಕೊಡ್ತೀನಿ ಬಿಡ,” ಎಂದರು ಭಾವ. ಅಕ್ಕ ನಗಲಿಲ್ಲ.

ಆಗ ಕುಡಿಯಲು ಪರ್ಮಿಟ್ ಬೇಕಿತ್ತು. ಭಾವನ ಹೆಸರಲ್ಲಿ ಪರ್ಮಿಟ್ ಮಾಡಿಸಿದೆ, ಆದರೆ ಅಂಗಡಿಗಳಲ್ಲಿ ಫ್ರೆಂಚ್ ವೈನೇ ಇರಲಿಲ್ಲ. ಕಳ್ಳಮಾಲಿನವರ ಬಳಿ ಇದ್ದದ್ದು ದೊಡ್ಡ ಹೆಸರಿನ ಬಾಟಲಿಗಳು, ನನ್ನ ಸಂಬಳಕ್ಕೆ ಮೀರಿದವು. ಕೊನೆಗೆ ಸಾಂತಾಕ್ರೂಜಿನ ಹೋಟೆಲೊಂದರ ವೇಟರ್ ಸಿಕ್ಕಿದ. ಕರಾವಳಿಯವನು. ವಿಮಾನದ ಸಿಬ್ಬಂದಿ ಅಲ್ಲಿ ಇಳಿದುಕೊಳ್ಳುತ್ತಿದ್ದರಿಂದ ಅವನ ಕೈಗೆ ಒಂದೊಂದು ಬಾಟಲಿ ಬರುತ್ತಿತ್ತು.

“ಹೆಸರುವಾಸಿ ದ್ರಾಕ್ಷಿ ತೋಟದ್ದು ಕೇಳ್ಬೇಡಿ ಮಾರಾಯ್ರೆ, ಬಾಟ್ಲಿ ಮೇಲಿನ ಚೀಟಿಗೇ ದುಡ್ಡು ಹೋಗ್ತದೆ. ಬರೀ ಬೋರ್ಡೋ ಅಂತ ಬರೆದದ್ದು, ಎರಡು ಮೂರು ವರ್ಷದ ಹಿಂದಿನದ್ದು, ಅಷ್ಟು ಸಾಕು. ನಮ್ಮಲ್ಲಿ ಅಡಿಕೆಗೆ ಹೊಡೆಯುವ ಮದ್ದಿಗೂ ಅದೇ ಹೆಸರು, ಹೆದರ್ಬೇಡಿ.”

ನಾಲ್ಕನೆಯ ದಿನವೇ ಬಾಟಲಿ ತಂದ. ಬೆಲೆ ನನಗೆ ಎಟುಕುವಂತಿತ್ತು. ಅನುಮಾನ ಹುಟ್ಟಿದ್ದೂ ಅದರಿಂದಲೇ. ವಿದೇಶಿ ಖಾಲಿ ಬಾಟಲಿಗಳಿಗೆ ಏನೇನೋ ತುಂಬಿ ಮಾರುತ್ತಾರೆಂಬುದು ಈ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ವಿಕ್ರೋಳಿಯ ಕಾರ್ಖಾನೆಯ ಲ್ಯಾಬಿನಲ್ಲಿದ್ದವನು ನಾನು. ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಕಾರ್ಕಿನ ಮೇಲಿನ ತಗಡಿನ ಹೊದಿಕೆಯಲ್ಲಿ ಎರಡು ಸಣ್ಣ ತೂತುಗಳು ಕಂಡವು.

“ಸೂಜಿ ಹಾಕಿ ತೆಗೆದು ಬೇರೆ ತುಂಬಿದ್ದಾರೆ,” ಎಂದೆ.

ಅವನ ಮುಖ ಸಣ್ಣದಾಯಿತು. “ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಬಿಡಿ ಸ್ವಾಮೀ. ಇನ್ನೊಂದು ಬರ್ಲಿಕ್ಕೆ ಹತ್ತು ಹನ್ನೆರಡು ದಿನ ಆಗ್ತದೆ.”

ಬಾಟಲಿ ವಾಪಸು ಕೊಟ್ಟು, ಕಾಯುತ್ತೇನೆ ಎಂದೆ. ಸಾಯುವವರಿಗೆ ನಕಲಿ ಕೊಡಬಾರದು ಎಂದುಕೊಂಡಿದ್ದೆ. ಅಥವಾ ಮೋಸ ಹೋಗಲು ನನಗೇ ಇಷ್ಟವಿರಲಿಲ್ಲವೋ ಏನೋ.

ಇನ್ನೊಂದು ಬಾಟಲಿ ಬಂದದ್ದು ಅಲ್ಲಿಂದ ಹದಿಮೂರನೆಯ ದಿನ. ಅದರ ಹೊದಿಕೆಯಲ್ಲೂ ಅದೇ ಎರಡು ತೂತು. ವೇಟರ್ ಒಳಗೆ ಹೋಗಿ, ಹೋಟೆಲಿನದೇ ತುಟ್ಟಿ ಬಾಟಲಿಯೊಂದನ್ನು ತಂದು ತೋರಿಸಿದ. ಅದರಲ್ಲೂ ಎರಡು. “ಹೊದಿಕೆ ಹಾಕುವಾಗ ಗಾಳಿ ಹೋಗ್ಲಿಕ್ಕೆ ವೈನ್ ತುಂಬುವವರೇ ಮಾಡ್ತಾರೆ. ಅವತ್ತೇ ಹೇಳ್ತಿದ್ದೆ, ನೀವು ಕಲಿತವರು ಅಂತ ಸುಮ್ಮನಾದೆ.”

ಬೈಕುಲ್ಲಾ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಭಾವನಿಗೆ ಹಿಂದಿನ ದಿನದಿಂದ ನೀರೂ ಇಳಿಯುತ್ತಿರಲಿಲ್ಲ. ಮೂಗಿನಲ್ಲಿ ನಳಿಗೆ ಇತ್ತು. ಬಾಟಲಿಯನ್ನು ಹೊಸ್ತಿಲ ಹೊರಗೇ ಹಿಡಿದು ನಿಂತೆ. ಅಕ್ಕ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತಾನೇ ಒಳಗೆ ಒಯ್ದಳು.

“ಬಿಸಿ ಮಾಡ್ಲೇನು? ತಣ್ಣಂದು ಗಂಟಲಿಗೆ ಆಗಂಗಿಲ್ಲ.”

ನಾನು ಕಾರ್ಕು ತೆಗೆದುಕೊಟ್ಟೆ. ಹಾಲಿನ ಪಾತ್ರೆಯಲ್ಲಿ ಅದನ್ನು ಕಷಾಯದಂತೆ ಬೆಚ್ಚಗೆ ಮಾಡಿದಳು. ದೇವರ ಗೂಡಿನಿಂದ ಹೊಸ ಹತ್ತಿಯ ಬತ್ತಿಯೊಂದನ್ನು ತಂದು, ಅದರಲ್ಲಿ ಅದ್ದಿ ಭಾವನ ತುಟಿಗೆ ಒತ್ತಿದಳು. ಮತ್ತೆ ಅದ್ದಿದಳು, ಮತ್ತೆ ಒತ್ತಿದಳು.

ಭಾವ ನಕ್ಕರು, ನಾಲಿಗೆಯಿಂದ ತುಟಿ ಸವರಿಕೊಂಡರು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಒಮ್ಮೆ ಅಕ್ಕನ ಎದುರೂ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಅವ್ರಿಗೆ ಎಚ್ಚರ ಎಲ್ಲಿತ್ತೋ? ಬತ್ತಿ ಕೆಂಪಾದದ್ದ ಖರೆ.”

ಹಾಗಿದ್ದರೆ ಆ ನಗೆ ನಾನೇ ಸೇರಿಸಿದ್ದು. ಮೊದಲ ಬಾಟಲಿಯನ್ನು ನಾನು ವಾಪಸು ಕೊಟ್ಟ ದಿನ ಭಾವ ಎದ್ದು ಕೂತು ಗಂಜಿ ಕುಡಿದಿದ್ದರು. ಅದನ್ನು ಮಾತ್ರ ಅಕ್ಕನೂ ನಾನೂ ಒಂದೇ ತರಹ ನೆನಪಿಟ್ಟುಕೊಂಡಿದ್ದೇವೆ.