ಖಾಲಿ ವ್ಯಾನಿನ ಡೀಸೆಲ್

ಮಕ್ಕಳು ಅವಳನ್ನು ವ್ಯಾನಕ್ಕ ಎನ್ನುತ್ತಿದ್ದರು. ಮಕ್ಕಳ ತಾಯಂದಿರೂ ಹಾಗೇ ಕರೆದರು. ಕೊನೆಕೊನೆಗೆ ಅವಳ ಗಂಡನೂ ಹೊಲಿಗೆ ಯಂತ್ರದ ಮೇಲಿಂದ ತಲೆಯೆತ್ತಿ, "ವ್ಯಾನಕ್ಕ ಊಟಕ್ಕೆ ಬಂದ್ರಾ?" ಎಂದು ಕೇಳತೊಡಗಿದ.

ಹನ್ನೊಂದು ವರ್ಷದಿಂದ ಅದೇ ಹಳದಿ ವ್ಯಾನು, ಹದಿನಾಲ್ಕು ಮಕ್ಕಳು. ಯಾವ ತಿರುವಿನಲ್ಲಿ ಯಾರಿಗೆ ಹೊಟ್ಟೆ ತೊಳಸುತ್ತದೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಜುಟ್ಟು ಜುಟ್ಟು ಹಿಡಿದುಕೊಳ್ಳುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಪಕ್ಕದ ಬಾಗಿಲನ್ನು ತುಸು ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತಿತ್ತು. ಆ ವಿದ್ಯೆ ಅವಳೊಬ್ಬಳಿಗೇ ಗೊತ್ತಿತ್ತು.

ಒಂದು ಬೆಳಿಗ್ಗೆ ಗಂಡ ಪೇಪರ್ ಓದಿ ಹೇಳಿದ. ಶಾಲಾ ವಾಹನಗಳ ಡೀಸೆಲ್ ಮೇಲಿನ ತೆರಿಗೆಯನ್ನು ಸರ್ಕಾರ ವಾಪಸ್ ಕೊಡುತ್ತದಂತೆ.

"ಕೊಡ್ತಾರಾ?"

"ಪೇಪರಲ್ಲಿ ಬಂದಿದೆ ಕಣೇ."

ಬಂಕಿನ ರಸೀದಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು, ಇಸ್ತ್ರಿ ಪೆಟ್ಟಿಗೆಯಿಂದ ಮಡಿಕೆ ಬಿಡಿಸಿಕೊಂಡು ಅವಳು ತೆರಿಗೆ ಕಚೇರಿಗೆ ಹೋದಳು. ನಾಲ್ಕನೇ ಕಿಟಕಿಯ ಗುಮಾಸ್ತ ಸಂಭಾವಿತ ಮನುಷ್ಯ. ರಸೀದಿಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ಹಣೆಗೇರಿಸಿದ.

"ಮಕ್ಕಳು ವ್ಯಾನಲ್ಲಿ ಇದ್ದಾಗ ಸುಟ್ಟ ಡೀಸೆಲ್‌ಗೆ ಮಾತ್ರ ವಿನಾಯಿತಿ, ಮೇಡಂ. ಶಾಲೆಗೆ ಬಿಟ್ಟು ಬರುವಾಗ ವ್ಯಾನು ಖಾಲಿ ಅಲ್ವಾ?"

"ಖಾಲಿನೇ ಇರುತ್ತೆ, ಸಾರ್. ಮಕ್ಕಳು ಶಾಲೇಲಿ ಇರ್ತಾರಲ್ಲ."

"ಅಲ್ಲಿಗೆ ಅದು ಶಾಲಾ ಸಾರಿಗೆ ಆಗಲ್ಲ. ಅದು ನೀವು ಮನೆಗೆ ಹೋಗೋದು."

"ಹಾಗಾದ್ರೆ ವ್ಯಾನು ಅಲ್ಲೇ ಬಿಟ್ಟು ನಡ್ಕೊಂಡು ಬರ್ಲಾ?"

ಗುಮಾಸ್ತ ಸ್ವಲ್ಪವೂ ನಗಲಿಲ್ಲ. ನಿಯಮಾವಳಿಯ ಪುಟ ತಿರುವಿ ನೋಡಿಯೇ ಉತ್ತರ ಕೊಟ್ಟ: "ನಡೆಯೋದಕ್ಕೆ ಅಡ್ಡಿಯಿಲ್ಲ."

ಮೂರು ತಿಂಗಳು ರಿಜಿಸ್ಟರ್ ಬರೆದು ತರಬೇಕು ಎಂದಾಯಿತು. ಹೇಗೆ ಬರೆಯಬೇಕು ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸುಳ್ಳು ಬರೆದು ಅಭ್ಯಾಸವಿಲ್ಲದ ಹೆಂಗಸು, ನಡೆದದ್ದನ್ನೆಲ್ಲ ಬರೆದಳು. 'ಏಳು ಹತ್ತು. ಅವಳಿ ಮಕ್ಕಳ ಮನೆ. ಒಂದು ಶೂ ಸಿಗಲಿಲ್ಲ. ಇಂಜಿನ್ ನಾಲ್ಕು ನಿಮಿಷ ಚಾಲೂ. ಶೂ ಫ್ರಿಡ್ಜ್ ಹಿಂದೆ ಸಿಕ್ಕಿತು.' 'ಏಳು ಇಪ್ಪತ್ತೈದು. ಸೇತುವೆ ಹತ್ತಿರ ವಾಂತಿ. ನಿಲ್ಲಿಸಿ ತೊಳೆದೆ. ನೀರು ನನ್ನದೇ.' ಶಾಲೆ ಮುಟ್ಟಿದ ಮೇಲೆ ದಪ್ಪ ಗೆರೆ ಎಳೆದು, ಕೆಳಗೆ 'ಖಾಲಿ' ಎಂದು ಬರೆಯುತ್ತಿದ್ದಳು. ಮೂರು ತಿಂಗಳಲ್ಲಿ ಇನ್ನೂರು ಪುಟದ ಪುಸ್ತಕ ತುಂಬಿತು.

ಅದನ್ನು ಓದಿದ ಕಚೇರಿ ಕಣ್ಣಾರೆ ನೋಡಿ ಬರಲು ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸಿತು. ಆತ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಬಂದು, ಒಂದನೇ ಕ್ಲಾಸಿನವರ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತ. ಪಕ್ಕದಲ್ಲಿದ್ದ ಹಲ್ಲು ಬಿದ್ದ ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಕಲ್, ನೀವು ಯಾವ ಕ್ಲಾಸು?"

"ನಾನು ಆಫೀಸರ್ ಪುಟ್ಟ. ತೆರಿಗೆ ವಾಪಸ್ ಕೊಡೋರು."

"ಮತ್ತೆ ಮೊದಲು ಇಸ್ಕೊಂಡಿದ್ದು ಯಾರು?"

"ನಾವೇ."

"ಕೊಡೋದಾದ್ರೆ ಯಾಕೆ ಇಸ್ಕೊಂಡ್ರಿ?"

ಆತ ತನ್ನ ಫೈಲು ಬಿಡಿಸಿ ಓದತೊಡಗಿದ. ಸೇತುವೆಯ ತಿರುವಿನಲ್ಲಿ ಅವನ ಮುಖ ಬಿಳಿಚಿಕೊಂಡಿತು. ವ್ಯಾನಕ್ಕ ಕನ್ನಡಿಯಲ್ಲೇ ಅದನ್ನು ಗಮನಿಸಿ, ಎಂದಿನ ಪ್ಲಾಸ್ಟಿಕ್ ಚೀಲವನ್ನು ಹಿಂದಕ್ಕೆ ದಾಟಿಸಿದಳು. ಹದಿನಾಲ್ಕು ಮಕ್ಕಳೂ ಮರ್ಯಾದೆಯಿಂದ ಬೇರೆ ಕಡೆ ತಿರುಗಿ ಕೂತರು.

ಶಾಲೆಯಿಂದ ಮರಳುವಾಗ ವ್ಯಾನಿನಲ್ಲಿ ಅವನೊಬ್ಬನೇ. ಅವಳು ಕೇಳಿಯೇಬಿಟ್ಟಳು: "ಸಾರ್, ಇವತ್ತು ಖಾಲಿ ಅಂತ ಬರೀಲಾ?"

ಅವನು ಪ್ಯಾಂಟಿನ ಇಸ್ತ್ರಿ ಗೆರೆ ಸರಿಪಡಿಸಿಕೊಂಡ. "ಖಾಲಿ ಅಂತಲೇ ಬರೀರಿ," ಎಂದ.

ಎರಡು ತಿಂಗಳಿಗೆ ಹಣ ಬಂತು, ಜೊತೆಗೊಂದು ಪತ್ರವೂ ಬಂತು. ವಾಪಸ್ ಕೊಟ್ಟ ಇಂಧನ ತೆರಿಗೆಯನ್ನು ಅವಳ 'ಇತರ ಆದಾಯ' ಎಂದು ಪರಿಗಣಿಸಿ, ಅದರ ಮೇಲೆ ಆದಾಯ ತೆರಿಗೆ ಹಿಡಿದುಕೊಳ್ಳಲಾಗಿದೆ. ಅವಳ ಆದಾಯ ಮಿತಿಗಿಂತ ಕಡಿಮೆ ಇದ್ದಲ್ಲಿ ಆ ತೆರಿಗೆಯೂ ವಾಪಸ್ ಸಿಗುವುದು. ಒಂಬತ್ತನೇ ಕಿಟಕಿಯಲ್ಲಿ ವಿಚಾರಿಸುವುದು. ಗಂಡ ಮೂರು ಸಲ ಓದಿದ.

"ಕೊಟ್ಟಿದ್ದನ್ನ ಹಿಡ್ಕೊಂಡು, ಹಿಡ್ಕೊಂಡಿದ್ದನ್ನ ಕೊಡ್ತಾರಂತೆ," ಎಂದು ಮತ್ತೆ ಕಾಜಾ ಹೊಲಿಯಲು ಕೂತ.

ಒಂಬತ್ತನೇ ಕಿಟಕಿಗೆ ಅವಳು ಆರು ಸಲ ಅಲೆದಳು. ಒಮ್ಮೆ ಸಹಿ ಗೆರೆಯಿಂದ ಹೊರಗೆ ಹೋಗಿತ್ತು. ಒಮ್ಮೆ ಫೋಟೋದಲ್ಲಿ ಅವಳು ನಗುತ್ತಿದ್ದಳು. "ತೆರಿಗೆ ಅರ್ಜೀಲಿ ನಗಬಾರದು, ಮೇಡಂ," ಎಂದರು. ಏಳನೇ ತಿಂಗಳಿಗೆ ಅದೂ ಬಂತು. ಎರಡನ್ನೂ ಸೇರಿಸಿದರೆ ಒಂದು ಟೈರಿನ ದುಡ್ಡು. ಹಿಂದಿನ ಎರಡೂ ಟೈರು ಬೋಳಾಗಿದ್ದವು. ಅವಳು ಎಡಗಡೆಯದನ್ನು ಹಾಕಿಸಿದಳು.

ಇಲ್ಲಿಗೆ ಮುಗಿದಿದ್ದರೆ ಅವಳು ನೆಮ್ಮದಿಯಾಗಿ ಇರುತ್ತಿದ್ದಳೇನೋ. ಆದರೆ ಕಚೇರಿಯ ದೊಡ್ಡವರೊಬ್ಬರಿಗೆ ಅವಳ ರಿಜಿಸ್ಟರ್ ವಿಪರೀತ ಹಿಡಿಸಿಬಿಟ್ಟಿತ್ತು. ಹೊಸ ವರ್ಷದಿಂದ ಊರಿನ ಎಲ್ಲ ಶಾಲಾ ವ್ಯಾನುಗಳಿಗೂ ಹದಿನೇಳು ಕಲಮಿನ ಫಾರಂ ಕಡ್ಡಾಯವಾಯಿತು. ಎಂಟನೇ ಕಲಮು: 'ವಾಂತಿ (ಸ್ಥಳ, ಸಮಯ, ನೀರಿನ ಮೂಲ)'. ಹನ್ನೊಂದನೆಯದು: 'ಪಾದರಕ್ಷೆ ಹುಡುಕಾಟದಿಂದಾದ ವಿಳಂಬ'.

ಶಾಲೆಯ ಗೇಟಿನೆದುರು ಚಾಲಕರ ಬೈಗುಳ ಶುರುವಾಯಿತು.

"ಯಾವ ತಲೆಹರಟೆ ಮಾಡಿದ್ದು ಇದನ್ನ? ವ್ಯಾನ್ ಓಡಿಸಿ ಗೊತ್ತಿರೋ ಮುಖಾನಾ?"

ವ್ಯಾನಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಫಾರಂ ತುಂಬಲು ಬಾರದೆ ಎಲ್ಲರೂ ತಲೆ ಕೆರೆದುಕೊಳ್ಳುವಾಗ ಅವಳೊಬ್ಬಳು ಮಾತ್ರ ಸರಸರ ತುಂಬುತ್ತಿದ್ದಳು. ಹೀಗಾಗಿ ರಜೆಯ ದಿನ ಅವರೆಲ್ಲ ಅವಳ ಮನೆ ಜಗಲಿಗೆ ಬಂದು ಕೂರತೊಡಗಿದರು. ಅವಳು ತುಂಬಿಕೊಟ್ಟಳು, ಕಲಿಸಿದಳು, ಟೀ ಮಾಡಿಕೊಟ್ಟಳು. ಒಳಗೆ ಗಂಡ ಬಟ್ಟೆಯಲ್ಲಿ ಮುಖ ಹುದುಗಿಸಿಕೊಂಡು ನಗು ತಡೆಯುತ್ತಿದ್ದ.

ಅವರಲ್ಲಿ ಹಿರಿಯನಾದ ಮೀಸೆ ಚಾಲಕನಿಗೆ ಫಾರಂನ ಸಣ್ಣ ಅಕ್ಷರ ಕಾಣದು. ಒಂದು ಭಾನುವಾರ ಎಲ್ಲರೂ ಎದ್ದು ಹೋದ ಮೇಲೆ ಅವನು ಲೋಟ ಕೆಳಗಿಟ್ಟು, "ನಿನಗೆ ಬಹಳ ತೊಂದರೆ ಕೊಡ್ತಿದೀವಿ ತಾಯಿ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ," ಎಂದ. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಅಣ್ಣ, ಆ ಫಾರಂ ನನ್ನಿಂದಲೇ ಬಂದಿದ್ದು," ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಎರಡು ವಾರ ಗೇಟಿನೆದುರು ಅವಳತ್ತ ತಿರುಗಿಯೂ ನೋಡಲಿಲ್ಲ. ಆದರೆ ಉಳಿದವರಿಗೆ ಹೇಳಲೂ ಇಲ್ಲ. ಮೂರನೇ ವಾರ ತನ್ನ ವ್ಯಾನನ್ನು ತಂದು ಅವಳದರ ಪಕ್ಕ ನಿಲ್ಲಿಸಿ, ಗಾಜಿಳಿಸಿ, ಫಾರಂ ಚಾಚಿದ.

"ಇವತ್ತು ನನಗೇ ತಲೆ ಸುತ್ತಿ ವಾಂತಿ ಆಯ್ತು. ಎಂಟರಲ್ಲಿ ಬರೀಲಾ, ಬೇಡ್ವಾ?"

"ನೀವು ವಿದ್ಯಾರ್ಥಿ ಅಲ್ವಲ್ಲ ಅಣ್ಣ. ಬೇಡ," ಎಂದು ಅವಳು ಪೆನ್ನು ತೆಗೆದಳು. "ಮೊದಲು ಹೋಗಿ ಡಾಕ್ಟರಿಗೆ ತೋರಿಸಿ. ನಿಮ್ಮ ವ್ಯಾನಿನ ಮಕ್ಕಳನ್ನ ಸಂಜೆ ಇನ್ನೊಂದು ಟ್ರಿಪ್ಪಲ್ಲಿ ನಾನು ಬಿಡ್ತೀನಿ."