ಯಶೋಧರಾಳ ಜೋಡಿ ಕ್ಯೂಬಿಟ್ಟು

ತ್ಯಾವಣಿಗೆಯ ಬಸ್ ನಿಲ್ದಾಣದ ಎದುರಿಗೆ ಯಶೋಧರಾಳ ಆನ್‌ಲೈನ್ ಸೆಂಟರು. ಪಹಣಿ ಬೇಕೆಂದರೂ ಜಾತಿ ಪ್ರಮಾಣಪತ್ರ ಬೇಕೆಂದರೂ ಜನ ಬರುವುದು ಅಲ್ಲಿಗೇ. ಚನ್ನಗಿರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದವಳು ಆಕೆ. ಭೌತಶಾಸ್ತ್ರವೆಂದರೆ ಪ್ರಾಣ. ಆದರೆ ಕೊನೆಯ ವರ್ಷ ಪರೀಕ್ಷೆ ಹತ್ತಿರ ಬಂತೆಂದು ಮೇಷ್ಟ್ರು ಕ್ವಾಂಟಂ ಪಾಠವನ್ನು ಓಡಿಸಿಬಿಟ್ಟಿದ್ದರು. ಊಟದ ನಡುವೆ ಎಲೆ ಎತ್ತಿದಂತಾಗಿತ್ತು ಅವಳಿಗೆ. ಮದುವೆಯಾಗಿ, ಸೆಂಟರು ತೆರೆದ ಮೇಲೂ ಆ ಹಸಿವು ಹೋಗಿರಲಿಲ್ಲ.

ಕ್ವಾಂಟಂ ಕಂಪ್ಯೂಟರಿನ ಸಣ್ಣ ಸರ್ಕ್ಯೂಟುಗಳನ್ನು ಮಾಮೂಲಿ ಲ್ಯಾಪ್‌ಟಾಪಿನಲ್ಲೇ ನಡೆಸಿ ನೋಡಬಹುದು, ಅದಕ್ಕೆ ಬೇಕಾದ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಪೈಥಾನ್ ಲೈಬ್ರರಿ, ಪುಕ್ಕಟೆ ಸಿಗುತ್ತದೆ ಎಂದು ಹೋದ ವರ್ಷ ಒಂದು ವಿಡಿಯೊದಿಂದ ತಿಳಿಯಿತು. ಅಂದಿನಿಂದ ಸರ್ವರ್ ಕೈಕೊಟ್ಟಾಗ ಬಂದವರೆಲ್ಲ ಗೊಣಗಿದರೆ, ಯಶೋಧರಾಳ ಮುಖ ಮಾತ್ರ ಅರಳುತ್ತಿತ್ತು.

ಅವತ್ತೂ ಮಧ್ಯಾಹ್ನ ಸರ್ವರ್ ಇರಲಿಲ್ಲ. ಪಹಣಿಗೆಂದು ಬಂದ ಉಚ್ಚಂಗಮ್ಮ ಬೆಂಚಿನ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಯಶೋಧರಾ ಎರಡು ಕ್ಯೂಬಿಟ್ಟುಗಳನ್ನು, ಅಂದರೆ ಅಳೆಯುವ ತನಕ ಸೊನ್ನೆ-ಒಂದರ ನಡುವೆ ತೂಗಬಲ್ಲ ಕ್ವಾಂಟಂ ಬಿಟ್ಟುಗಳನ್ನು, ಜೋಡಿ ಮಾಡಲು ಹೊರಟಿದ್ದಳು. ಅಳೆದಾಗ ಎರಡೂ ಸೊನ್ನೆ ಬರಬೇಕು, ಇಲ್ಲವೇ ಎರಡೂ ಒಂದು. ಒಂದಕ್ಕೊಂದು ಬೇರೆಯಾಗಕೂಡದು. ಅವಳಿಗೆ ಬಂದದ್ದೇ ಬೇರೆ: ಮೊದಲನೆಯದು ಒಮ್ಮೆ ಸೊನ್ನೆ, ಒಮ್ಮೆ ಒಂದು, ಎರಡನೆಯದು ಜಪ್ಪಯ್ಯ ಅಂದರೂ ಸೊನ್ನೆ ಬಿಟ್ಟು ಕದಲದು.

ಲೈಬ್ರರಿಯೇ ಕೆಟ್ಟಿದೆಯೆಂದು ಬೈದುಕೊಂಡಳು. ತೆಗೆದು ಮತ್ತೆ ಹಾಕಿದಳು. ಅದೇ ಉತ್ತರ. ಕೊನೆಗೆ ಸರ್ಕ್ಯೂಟಿನ ಚಿತ್ರವನ್ನೇ ಪರದೆಗೆ ತರಿಸಿ, ಗೆರೆಯ ಮೇಲೆ ಬೆರಳಿಟ್ಟುಕೊಂಡು ಎಡದಿಂದ ನೋಡುತ್ತಾ ಬಂದಳು. ತಪ್ಪು ಅವಳದೇ! ಮೊದಲನೆಯ ಕ್ಯೂಬಿಟ್ಟನ್ನು ಸೊನ್ನೆ-ಒಂದರ ನಡುವೆ ತೂಗಲು ಬಿಟ್ಟು, ಆಮೇಲೆ ಎರಡನೆಯದಕ್ಕೆ ಗಂಟು ಹಾಕಬೇಕಿತ್ತು. ಅವಳು ಮೊದಲೇ ಗಂಟು ಹಾಕಿದ್ದಳು. ಪ್ರೋಗ್ರಾಮಿನ ಆ ಎರಡು ಸಾಲುಗಳನ್ನು ಅದಲುಬದಲು ಮಾಡಿ ಸಾವಿರ ಸಲ ಅಳೆಯಲು ಹೇಳಿದಳು. ಹೆಚ್ಚುಕಡಿಮೆ ಅರ್ಧ ಸಲ ಎರಡೂ ಸೊನ್ನೆ, ಉಳಿದರ್ಧ ಎರಡೂ ಒಂದು. ಬೇರೇನೂ ಇಲ್ಲ.

"ಬಂತು!" ಎಂದು ಕೂಗಿಯೇಬಿಟ್ಟಳು.

ಉಚ್ಚಂಗಮ್ಮ ಚೀಲ ಎತ್ತಿಕೊಂಡು ದಡಬಡಿಸಿ ಬಂದರು. "ಬಂತೇನವ್ವಾ? ಕೊಡು ಮತ್ತೆ."

"ಅಯ್ಯೋ, ಪಹಣಿ ಅಲ್ಲ ಅಜ್ಜಿ, ಇದು ಬೇರೆ," ಎಂದು ನಗುತ್ತಾ ಅವರನ್ನು ಪಕ್ಕದ ಕುರ್ಚಿಗೆ ಕೂರಿಸಿದಳು. "ಒಂದು ನಾಣ್ಯ ಚನ್ನಗಿರ್‍ಯಾಗೆ, ಇನ್ನೊಂದು ಹೊನ್ನಾಳ್ಯಾಗೆ ಚಿಮ್ಮಿದ್ರು ಅನ್ಕೋರಿ. ಒಂದ್ರಾಗೆ ರಾಜ ಬಿದ್ರೆ ಇನ್ನೊಂದ್ರಾಗೂ ರಾಜ. ಒಂದ್ರಾಗೆ ರಾಣಿ ಬಿದ್ರೆ ಇನ್ನೊಂದ್ರಾಗೂ ರಾಣಿ."

"ಯಾರು ಯಾರಿಗೆ ಹೇಳ್ತಾರೆ? ಫೋನ್ ಮಾಡ್ತಾರಾ?"

"ಯಾರೂ ಹೇಳಲ್ಲ."

"ಮತ್ತೆ ಹೆಂಗೆ?"

"ಲೆಕ್ಕ ಹಾಕಾಕೆ ಬರುತ್ತೆ ಅಜ್ಜಿ. ಹೆಂಗೆ ಅಂದ್ರೆ ನಂಗೂ ಪೂರ್ತಿ ತಿಳಿವಲ್ದು."

ಉಚ್ಚಂಗಮ್ಮ ಪರದೆಯನ್ನು ದಿಟ್ಟಿಸಿದರು. "ನಮ್ ಅಕ್ಕನ್ನ ಜಗಳೂರಿಗೆ ಕೊಟ್ಟೈತೆ. ಒಂದೇ ಮನ್ಯಾಗೆ ಬೆಳೆದ್ವಿ, ಒಂದು ದಿನಾನೂ ಇಬ್ಬರ ಮಾತು ಒಂದಾಗ್ಲಿಲ್ಲ. ಇವು ವಾಸಿ ಬಿಡು."

ಸಂಜೆಯ ಹೊತ್ತಿಗೆ ಸರ್ವರ್ ಬಂತು, ಅಜ್ಜಿಯ ಕೆಲಸವೂ ಆಯಿತು. ಗಂಡ ರವಿಕುಮಾರ್, ಲೈನ್‌ಮನ್, ಬೈಕಿನಲ್ಲಿ ಕರೆದೊಯ್ಯಲು ಬಂದ. ದಾರಿಯುದ್ದಕ್ಕೂ ಅವಳದು ಅದೇ ಮಾತು.

"ಇದ್ರಿಂದ ಏನು ಉಪಯೋಗ ಐತೆ?" ಎಂದು ಕೇಳಿದ.

"ಸದ್ಯಕ್ಕೆ ಏನಿಲ್ಲ. ಖುಷಿ ಐತೆ."

"ಹಂಗಾರೆ ನಾಳೆ ಮೂರು ಕಟ್ಟಿ ನೋಡು," ಎಂದ ರವಿಕುಮಾರ್.

ಅವಳ ತಲೆಯೊಳಗೆ ಮೂರನೆಯದು ಆಗಲೇ ತೂಗತೊಡಗಿತ್ತು.